ಅವ್ವ ಬಾಯಿ ಮುಚ್ಚುವ ಒಂದು ಸಾಲು: ದೇವರ ಕ್ಷಮೆ, ದೇವರ ನ್ಯಾಯ

ಸಿರುಗುಪ್ಪ ರಸ್ತೆಯಿಂದ

ಎಲ್ಲರಿಗೂ ಕ್ರಿಸ್ತನ ಹೆಸರಿನಲ್ಲಿ ವಂದನೆಗಳು. ಬಹಳ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ವಿಷಯವನ್ನು ಇಲ್ಲಿ ಇಡುತ್ತಿದ್ದೇನೆ. ಓದಿದವರು ನಿಧಾನವಾಗಿ ಯೋಚಿಸಿ ಉತ್ತರಿಸಬೇಕೆಂದು ಕೋರುತ್ತೇನೆ.

ನಮ್ಮದು ಬಳ್ಳಾರಿ ಜಿಲ್ಲೆಯ ಹಳೆಯ ಕ್ರೈಸ್ತ ಕುಟುಂಬ. ಜಾನ್ ಹ್ಯಾಂಡ್ಸ್ ಎಂಬ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈ ಹಾಕಿದ ಮೇಲೆ, 1831ರ ಹೊತ್ತಿಗೆ ಇಡೀ ಸತ್ಯವೇದ (ಬೈಬಲ್) ಕನ್ನಡದಲ್ಲಿ ಅಚ್ಚಾಯಿತು ಎಂಬುದನ್ನು ನಮ್ಮ ತಾತ ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಕೇಳಿ ಕೇಳಿ ಅರ್ಧ ಕೀರ್ತನೆಗಳ ಗ್ರಂಥ ಬಾಯಿಪಾಠವಾಗಿದೆ.

1998ರಲ್ಲಿ ನಮ್ಮ ಅಪ್ಪ ತೀರಿಕೊಂಡರು. ಆಗ ಚಿಕ್ಕಪ್ಪ ಪೌತಿ ಖಾತೆ ಮಾಡಿಸಬೇಕೆಂದು ಹೇಳಿ ಅವ್ವನನ್ನು ತಾಲ್ಲೂಕಿಗೆ ಕರೆದುಕೊಂಡು ಹೋಗಿ, ನಾಲ್ಕೈದು ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಎರಡು ವರ್ಷ ಕಳೆದ ಮೇಲೆ ಪಹಣಿ ತೆಗೆಸಿದಾಗ ನಮ್ಮ ಎರಡೂವರೆ ಎಕರೆ ನೀರಾವರಿ ಗದ್ದೆ ಅವರ ಹೆಸರಿನಲ್ಲಿತ್ತು. ಕೇಸು ಹಾಕುವ ಶಕ್ತಿ ನಮಗಿರಲಿಲ್ಲ. ಅವ್ವ ಕೂಲಿಗೆ ಹೋದಳು. ಒಂದು ವರ್ಷ ಬೇರೆಲ್ಲೂ ಕೆಲಸ ಸಿಗದೆ ಅದೇ ಗದ್ದೆಯಲ್ಲಿ, ತಾನೇ ಬದುವು ಕಟ್ಟಿದ್ದ ನೆಲದಲ್ಲಿ, ಕೂಲಿಯವರ ಸಾಲಿನಲ್ಲಿ ನಿಂತು ನಾಟಿ ಮಾಡಿದ್ದಾಳೆ.

ಚಿಕ್ಕಪ್ಪ ಈಗ ಬದಲಾಗಿದ್ದಾರೆ. ಕುಡಿತ ಬಿಟ್ಟಿದ್ದಾರೆ, ಸಭೆಗೆ ತಪ್ಪದೆ ಬರುತ್ತಾರೆ. ಕಳೆದ ವರ್ಷದ ಉಜ್ಜೀವನ ಕೂಟದಲ್ಲಿ ಎದ್ದು ನಿಂತು, ತಾನು ಕಳ್ಳನಾಗಿದ್ದೆ, ಮೋಸಗಾರನಾಗಿದ್ದೆ, ದೇವರು ತನ್ನನ್ನು ಕ್ಷಮಿಸಿದ್ದಾನೆ ಎಂದು ಅಳುತ್ತ ಸಾಕ್ಷಿ ಹೇಳಿದರು. ಆ ಅಳು ಸುಳ್ಳೆಂದು ನಾನು ಹೇಳಲಾರೆ. ಆದರೆ ಯಾರಿಗೆ ಮೋಸ ಮಾಡಿದ್ದು ಎಂದು ಅವರು ಹೇಳಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದ ಅವ್ವನ ಕಡೆ ತಿರುಗಿಯೂ ನೋಡಲಿಲ್ಲ. ಕೂಟ ಮುಗಿದ ಮೇಲೆ ಹಿರಿಯರು ಅವ್ವನ ಬಳಿ ಬಂದು, ದೇವರೇ ಕ್ಷಮಿಸಿರುವಾಗ ನೀವೂ ಕ್ಷಮಿಸಿಬಿಡಿ ಎಂದರು. ಅವ್ವ ಹೇಳಿದ ಮಾತನ್ನು ಅವಳ ಬಾಯಿಯಲ್ಲಿ ಬಂದಂತೆಯೇ ಬರೆಯುತ್ತೇನೆ: "ದೇವ್ರು ಮಾಫಿ ಮಾಡ್ಯಾನಂತ ಅವ್ನು ಹೇಳ್ತಾನ. ಸಾಲ ಕೊಟ್ಟಾಕಿ ನಾನು. ನನ್ನ ಕೇಳದ ಮಾಫಿ ಹೆಂಗಾತು?"

ಅಂದಿನಿಂದ ನಾನೊಂದು ಸಂಗತಿ ಗಮನಿಸಿದ್ದೇನೆ. ಭಾನುವಾರ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ, "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು" ಎಂಬ ಸಾಲು ಬಂದೊಡನೆ ಅವ್ವನ ತುಟಿ ನಿಲ್ಲುತ್ತದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸುಮ್ಮನೆ ನಿಂತು, ಆ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಾಳೆ. ಗ್ರೀಕ್ ಮೂಲದಲ್ಲಿ "ನಮ್ಮನ್ನು ಕ್ಷಮಿಸು" ಎಂಬ ಬೇಡಿಕೆ ಮೊದಲು ಬಂದು "ನಾವೂ ಕ್ಷಮಿಸಿದಂತೆ" ಎಂಬುದು ಆಮೇಲೆ ಬರುತ್ತದೆ. ಕನ್ನಡದ ವಾಕ್ಯದಲ್ಲಿ ಅದು ತಿರುವುಮುರುವಾಗುತ್ತದೆ. ನಾವು ಕ್ಷಮಿಸಿದ್ದೇವೆ ಎಂದು ಮೊದಲು ಹೇಳಿಯೇ ನಮಗಾಗಿ ಬೇಡಬೇಕು. ಸುಳ್ಳು ಹೇಳಲು ಒಪ್ಪದ ಹೆಂಗಸು ಆ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಾಳೆ, ತನ್ನ ಪಾಲಿನ ಬೇಡಿಕೆಯನ್ನೂ ಕಳೆದುಕೊಂಡು.

ನನ್ನ ಪ್ರಶ್ನೆ ಇಷ್ಟು. ದೇವರು ನ್ಯಾಯವಂತನೂ ಹೌದು, ಕ್ಷಮಿಸುವವನೂ ಹೌದು ಎಂದು ನಾವು ನಂಬುತ್ತೇವೆ. ಅನ್ಯಾಯ ಮಾಡಿದವನು ಕ್ಷಮೆ ಪಡೆದು ಹಗುರಾಗಿ, ಅನ್ಯಾಯಕ್ಕೆ ಒಳಗಾದವಳು ಪ್ರಾರ್ಥನೆಯಲ್ಲೂ ಬಾಯಿ ಮುಚ್ಚಿಕೊಂಡು ನಿಂತರೆ, ಆ ಕ್ಷಮೆಯಲ್ಲಿ ದೇವರ ನ್ಯಾಯ ಎಲ್ಲಿದೆ?

ಗಂಗಾವತಿಯ ನೆರೆಯವನು

ನಾನು ಕ್ರೈಸ್ತನಲ್ಲ, ಲಿಂಗಾಯತ ಮನೆತನದವನು. ನಿಮ್ಮ ಚರ್ಚೆಗಳನ್ನು ಆಸಕ್ತಿಯಿಂದ ಓದುತ್ತೇನೆ. ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಸರಪಡಬೇಡಿ.

ನಮ್ಮ ಕಡೆ "ಮಾಡಿದ್ದುಣ್ಣೋ ಮಹಾರಾಯ" ಎನ್ನುತ್ತೇವೆ. ಬಿತ್ತಿದ್ದನ್ನೇ ಬೆಳೆಯಬೇಕು ಎಂಬ ಈ ಲೆಕ್ಕದಲ್ಲಿ ಕಠಿಣತೆ ಇರಬಹುದು, ಆದರೆ ಮೋಸ ಹೋದವನಿಗೆ ಅದರಲ್ಲೊಂದು ಸಮಾಧಾನವೂ ಇದೆ. ನಿಮ್ಮ ಧರ್ಮದಲ್ಲಿ ಕೊನೆಯ ಗಳಿಗೆಯಲ್ಲಿ ದೇವರ ಕಡೆ ತಿರುಗಿದರೂ ಎಲ್ಲ ತೊಳೆದುಹೋಗುತ್ತದೆ ಎನ್ನುವುದನ್ನು ಕೇಳಿದ್ದೇನೆ. ಹಾಗಾದರೆ ತೊಳೆದುಹೋದದ್ದು ಯಾರ ಪಾಲಿನದು? ಈ ತಾಯಿ ಕೂಲಿ ಮಾಡಿದ ವರ್ಷಗಳನ್ನು ಯಾರು ಕಟ್ಟಿಕೊಡುತ್ತಾರೆ? ವಾದಕ್ಕಾಗಿ ಕೇಳುತ್ತಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಬಳ್ಳಾರಿಯ ಸಭಾಪಾಲಕ

ಸಹೋದರರೇ, ಮೊದಲು ಒಂದು ಒಪ್ಪಿಗೆ. ನಿಮ್ಮ ತಾಯಿಗೆ ಆ ಹಿರಿಯರು ಹೇಳಿದಂಥದ್ದೇ ಮಾತನ್ನು ನಾನೂ ನನ್ನ ಸೇವೆಯ ಮೊದಲ ವರ್ಷಗಳಲ್ಲಿ ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಇಬ್ಬರ ಕೈ ಹಿಡಿದು ಕೂಡಿಸಿ, ಪ್ರಾರ್ಥನೆ ಮಾಡಿಸಿ, ಕೆಲಸ ಮುಗಿಯಿತೆಂದು ಎದ್ದು ಬಂದಿದ್ದೇನೆ. ಅದರಲ್ಲಿ ನನ್ನ ಅವಸರವೇ ಹೆಚ್ಚಿತ್ತು ಎಂದು ಈಗ ಅನಿಸುತ್ತದೆ.

ನಿಮ್ಮ ತಾಯಿ "ಸಾಲ" ಎಂಬ ಮಾತನ್ನು ಆಡಿದ್ದಾರೆ. ಅವರಿಗೆ ಗೊತ್ತಿಲ್ಲದೆಯೇ ಮೂಲದ ಮಾತನ್ನು ಹಿಡಿದಿದ್ದಾರೆ. ಮತ್ತಾಯನ ಸುವಾರ್ತೆಯಲ್ಲಿ ಆ ಪ್ರಾರ್ಥನೆಯ ಗ್ರೀಕ್ ಪದಕ್ಕೆ ನೇರ ಅರ್ಥ ಸಾಲ, ತೀರಿಸಬೇಕಾದ ಬಾಕಿ ಎಂದೇ. ಲೂಕನ ಸುವಾರ್ತೆಯಲ್ಲಿ ಅದೇ ಜಾಗದಲ್ಲಿ ಪಾಪ ಎಂಬ ಪದ ಬರುತ್ತದೆ, ಆದರೆ ಮುಂದಿನ ಮಾತಿನಲ್ಲಿ ನಮಗೆ ಬಾಕಿಯಿರುವವರನ್ನು ಬಿಡುವ ಮಾತೇ ಬರುತ್ತದೆ. ಕ್ಷಮಿಸು ಎಂಬುದಕ್ಕೆ ಬಳಸಿದ ಕ್ರಿಯಾಪದಕ್ಕೂ ಬಿಟ್ಟುಬಿಡು ಎಂದೇ ಮೂಲಾರ್ಥ. ನಮ್ಮ ಸೀಮೆಯಲ್ಲಿ ಸಾಲ ಮನ್ನಾ ಎಂದರೆ ಏನೆಂದು ಯಾವ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರ ಮನ್ನಾ ಮಾಡಿದೆ ಎಂದ ಮಾತ್ರಕ್ಕೆ ಆ ಹಣ ಗಾಳಿಯಲ್ಲಿ ಕರಗುವುದಿಲ್ಲ. ಬ್ಯಾಂಕಿಗೆ ಅದನ್ನು ಯಾರೋ ತುಂಬಿಕೊಡಲೇಬೇಕು. ಗಂಗಾವತಿಯ ಅಣ್ಣನವರು ಕೇಳಿದ್ದಕ್ಕೆ ಕ್ರೈಸ್ತ ನಂಬಿಕೆಯ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಕ್ಷಮೆ ಎಂದರೆ ಬಾಕಿಯೇ ಇರಲಿಲ್ಲವೆನ್ನುವುದಲ್ಲ, ಬಾಕಿಯನ್ನು ಕೊಡಬೇಕಾದವನ ಬದಲು ಇನ್ನೊಬ್ಬ ಹೊರುವುದು. ಶಿಲುಬೆಯಲ್ಲಿ ದೇವರು ತಾನೇ ಅದನ್ನು ಹೊತ್ತನೆಂದು ನಾವು ನಂಬುತ್ತೇವೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ, ದೇವರು ತಾನೂ ನೀತಿವಂತನಾಗಿದ್ದು ನಂಬುವವನನ್ನೂ ನೀತಿವಂತನೆಂದು ನಿರ್ಣಯಿಸುವವನಾಗಿದ್ದಾನೆ ಎನ್ನುವುದು ಈ ಅರ್ಥದಲ್ಲಿ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಎಂಬ ದೇವಶಾಸ್ತ್ರಜ್ಞ ಇದನ್ನು ದೇವರ ಗೌರವಕ್ಕೆ ಬಂದ ಕೊರತೆಯನ್ನು ತುಂಬುವ ಲೆಕ್ಕವಾಗಿ ವಿವರಿಸಿದ. ಅವನ ನಂತರದ ಅಬೆಲಾರ್ಡ್ ಲೆಕ್ಕಕ್ಕಿಂತ ಪ್ರೀತಿಗೆ ಒತ್ತು ಕೊಟ್ಟ. ಆ ವಾದದೊಳಗೆ ಈಗ ಹೋಗುವುದು ಬೇಡ.

ಮತ್ತಾಯ 18ನೆಯ ಅಧ್ಯಾಯದ ಸಾಮ್ಯವನ್ನು, ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಮಾತ್ರ ಬಿಡಲಾಗದು. ರಾಜನಿಗೆ ಒಬ್ಬ ಸೇವಕ 10,000 ತಲಾಂತು ಕೊಡಬೇಕಾಗಿತ್ತು. ಒಂದು ತಲಾಂತು ಎಂದರೆ 6,000 ದೆನಾರಿ, ಒಂದು ದೆನಾರಿ ಎಂದರೆ ಒಂದು ದಿನದ ಕೂಲಿ. ಹಾಗಾದರೆ ಅವನ ಸಾಲ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ರಾಜ ಅದನ್ನು ಬಿಟ್ಟುಬಿಟ್ಟ. ಅವನು ಹೊರಗೆ ಬಂದು, ತನಗೆ 100 ದೆನಾರಿ ಕೊಡಬೇಕಾಗಿದ್ದ ಜೊತೆಯ ಆಳಿನ ಕುತ್ತಿಗೆ ಹಿಡಿದ. ನಾವು ಬೋಧಕರು ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತೇವೆ, ಆ ನೂರನ್ನು ಜುಜುಬಿ ಎಂದುಬಿಡುತ್ತೇವೆ. 100 ದೆನಾರಿ ಎಂದರೆ ಮೂರು ತಿಂಗಳಿಗೂ ಮೀರಿದ ಕೂಲಿ. ಕೂಲಿಯ ಮನೆಗೆ ಅದು ಒಂದು ಸುಗ್ಗಿಯ ಬದುಕು. ಯೇಸುಸ್ವಾಮಿ ಆ ಸಾಲ ಸಣ್ಣದೆಂದು ಎಲ್ಲಿಯೂ ಹೇಳಲಿಲ್ಲ. ಮತ್ತೊಂದು ಮಾತು: ಆ ಜೊತೆಯ ಆಳು ಕಾಲಿಗೆ ಬಿದ್ದು, ಸ್ವಲ್ಪ ತಾಳು, ತೀರಿಸುತ್ತೇನೆ ಎಂದು ಬೇಡಿಕೊಂಡಿದ್ದ. ನಿಮ್ಮ ಚಿಕ್ಕಪ್ಪನವರು ಅಷ್ಟನ್ನೂ ಮಾಡಿಲ್ಲ. ಆದ್ದರಿಂದ ಈ ಸಾಮ್ಯವನ್ನು ಹಿಡಿದು ನಿಮ್ಮ ತಾಯಿಯನ್ನು ಕಠಿಣ ಹೃದಯದ ಸೇವಕನ ಜಾಗದಲ್ಲಿ ನಿಲ್ಲಿಸುವುದು ವಾಕ್ಯಕ್ಕೇ ಮಾಡುವ ಅನ್ಯಾಯ.

ಮುದಗಲ್ಲಿನ ಉಪದೇಶಿ

ನಾನು ಕ್ಯಾಥೊಲಿಕ್. ಆದಿಲ್‌ಶಾಹಿ ಕಾಲದಿಂದ ಮುದಗಲ್ಲಿನಲ್ಲಿರುವ ನಮ್ಮ ಸಮುದಾಯದಲ್ಲಿ ಪಾಪನಿವೇದನೆ ಎಂಬುದು ಅಜ್ಜ ಅಜ್ಜಿಯರಿಂದ ಬಂದ ಅಭ್ಯಾಸ. ಗುರುಗಳ ಕಿವಿಯಲ್ಲಿ ಹೇಳಿದರೆ ಮುಗಿಯಿತಂತೆ ಎಂದು ಹೊರಗಿನವರು ಕೇಳುತ್ತಾರೆ. ಮುಗಿಯುವುದಿಲ್ಲ ಎಂಬುದಕ್ಕೆ ನನ್ನದೇ ಅನುಭವವನ್ನು ಹೇಳುತ್ತೇನೆ.

ಹರೆಯದಲ್ಲಿ ನಾನು ಅಪ್ಪನ ಜೊತೆ ಹತ್ತಿ ಬೆಳೆಯುತ್ತಿದ್ದೆ. ಒಂದು ವರ್ಷ ದರ ಕುಸಿದಾಗ, ಮಾರುಕಟ್ಟೆಗೆ ಒಯ್ಯುವ ಹಿಂದಿನ ರಾತ್ರಿ ಅಂಡಿಗೆಗಳ ಒಳಗಿನ ಹತ್ತಿಗೆ ನೀರು ಚಿಮುಕಿಸಿ ತೂಕ ಏರಿಸಿದೆ. ಕ್ರಿಸ್ಮಸ್ ಮುಂಚೆ ಪಾಪನಿವೇದನೆಯಲ್ಲಿ ಅದನ್ನು ಹೇಳಿದೆ. ಇಂತಿಷ್ಟು ಜಪ ಹೇಳು ಎನ್ನುತ್ತಾರೆಂದು ಕಾಯುತ್ತಿದ್ದೆ. ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: "ಆ ನೀರಿನ ತೂಕದ ದುಡ್ಡು ಈಗ ಎಲ್ಲಿದೆ?" ಖರ್ಚಾಗಿದೆ ಎಂದೆ. "ದುಡಿದು ಕೂಡಿಸಿ ಕೊಟ್ಟು ಬಾ" ಎಂದರು. ಮಾಘದವರೆಗೆ ಬೇರೆಯವರ ಹೊಲದಲ್ಲಿ ದುಡಿದು ಆ ವ್ಯಾಪಾರಿಗೆ ಒಯ್ದು ಕೊಟ್ಟೆ. ಅವರು ನೋಟುಗಳನ್ನು ಎರಡು ಸಲ ಎಣಿಸಿ, ನನ್ನ ಮುಖ ನೋಡಿ, ಒಂದು ಲೋಟ ನೀರು ತರಿಸಿ ಕೊಟ್ಟರು. ಏನೂ ಮಾತಾಡಲಿಲ್ಲ. ಆ ನೀರಿನ ರುಚಿ ನನಗೆ ಇಂದಿಗೂ ನೆನಪಿದೆ.

ನಮ್ಮ ಧರ್ಮಸಭೆಯ ಬೋಧನೆ ಇದನ್ನೇ ಹೇಳುತ್ತದೆ. ಪಾಪವಿಮೋಚನೆ ಪಾಪವನ್ನು ತೆಗೆಯುತ್ತದೆ, ಆದರೆ ಪಾಪದಿಂದಾದ ಹಾನಿಯನ್ನೆಲ್ಲ ಅದು ತಾನಾಗಿ ಸರಿಪಡಿಸುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಗಾಯಕ್ಕೆ ಪರಿಹಾರ ಕೊಡಬೇಕು. ಇದು ಹಳೆಯ ಒಡಂಬಡಿಕೆಯ ಕಾಲದಿಂದಲೂ ಇರುವ ಮಾತು. ಅದರ ಅರಣ್ಯಕಾಂಡ ಎಂಬ ಗ್ರಂಥದ 5ನೆಯ ಅಧ್ಯಾಯದಲ್ಲಿ, ತಪ್ಪು ಮಾಡಿದವನು ಅರಿಕೆ ಮಾಡಿ, ನಷ್ಟವನ್ನು ಪೂರ್ತಿ ಕಟ್ಟಿಕೊಟ್ಟು, ಅದರ ಮೇಲೆ ಐದನೆಯ ಒಂದು ಪಾಲನ್ನೂ ಸೇರಿಸಿ ಕೊಡಬೇಕೆಂದಿದೆ. ಯೇಸುವನ್ನು ನೋಡಲು ಮರ ಹತ್ತಿದ ಸುಂಕದವ ಜಕ್ಕಾಯನ ಕಥೆ ಎಲ್ಲರಿಗೂ ಗೊತ್ತು: ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ನಿಮ್ಮ ಚಿಕ್ಕಪ್ಪನವರ ಸಾಕ್ಷಿಯಲ್ಲಿ ನನಗೆ ಕಂಡ ಕೊರತೆ ಕಣ್ಣೀರಿನದಲ್ಲ, ಪಹಣಿಯದು.

ಬಳ್ಳಾರಿಯ ಸಭಾಪಾಲಕ

ಉಪದೇಶಿಗಳೇ, ನಿಮ್ಮ ಹತ್ತಿಯ ಸಂಗತಿ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಒಂದು ಕಡೆ ಮಾತ್ರ ನಮ್ಮ ಸುಧಾರಿತ (ಪ್ರಾಟೆಸ್ಟಂಟ್) ಸಭೆಗಳ ಎಚ್ಚರವನ್ನು ಸೇರಿಸುತ್ತೇನೆ. ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದು ಹೇಳಿದ ಮೇಲೆ ಯೇಸು ಅವನ ಮನೆಗೆ ಹೋಗಲಿಲ್ಲ. ಅವನು ಇನ್ನೂ ಮರದ ಮೇಲಿದ್ದಾಗಲೇ, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದನು. ಕೃಪೆ ಮೊದಲು, ಹಿಂದಿರುಗಿಸುವುದು ಆಮೇಲೆ. ಹಿಂದಿರುಗಿಸುವುದು ಕ್ಷಮೆಯ ಬೆಲೆಯಾದರೆ, ಎಲ್ಲವನ್ನೂ ಕಳೆದುಕೊಂಡ ಬಡ ಪಾಪಿಗೆ ದಾರಿಯೇ ಇರುವುದಿಲ್ಲ. 1517ರಲ್ಲಿ ಜರ್ಮನಿಯ ಸುಧಾರಕ ಲೂಥರ್ ಎದ್ದು ನಿಂತದ್ದು, ಹಣ ಕೊಟ್ಟು ಕ್ಷಮಾಪಣಾ ಪತ್ರ ಕೊಳ್ಳುವ ಪದ್ಧತಿಯ ವಿರುದ್ಧ ತಾನೇ? ಆದರೆ ಅದೇ ಲೂಥರ್ ತನ್ನ 95 ಪ್ರಮೇಯಗಳಲ್ಲಿ ಮೊದಲನೆಯದರಲ್ಲೇ, ವಿಶ್ವಾಸಿಯ ಇಡೀ ಜೀವನವೇ ಪಶ್ಚಾತ್ತಾಪವಾಗಿರಬೇಕು ಎಂದ. ಅಲ್ಲಿಗೆ ನೀವು ಮತ್ತು ನಾನು ಬಂದು ನಿಲ್ಲುವ ಜಾಗ ಒಂದೇ. ಜರ್ಮನಿಯ ಪಾದ್ರಿ ಬಾನ್‌ಹಾಫರ್, ನಾಜಿಗಳ ಕೈಯಲ್ಲಿ 1945ರಲ್ಲಿ ಗಲ್ಲಿಗೇರಿದವರು, ಪಶ್ಚಾತ್ತಾಪ ಕೇಳದ ಕ್ಷಮೆಯ ಬೋಧನೆಯನ್ನು ಅಗ್ಗದ ಕೃಪೆ ಎಂದು ಕರೆದದ್ದು ಈ ಕಾರಣಕ್ಕೆ.

ರಾಯಚೂರಿನ ಸಹೋದರಿ

ಇಷ್ಟು ಹೊತ್ತು ತಪ್ಪು ಮಾಡಿದವರ ಬಗ್ಗೆ ಮಾತಾಡಿದೆವು. ತಪ್ಪಿಗೆ ಒಳಗಾದವರ ಬಗ್ಗೆ ನಾನು ಒಂದು ಮಾತು ಹೇಳಬೇಕು.

ನನ್ನ ಅಕ್ಕನನ್ನು ಅವಳ ಗಂಡ ಹೊಡೆಯುತ್ತಿದ್ದ. ಪ್ರತಿ ಸಲ ತವರಿಗೆ ಬಂದಾಗಲೂ ಸಭೆಯ ಹಿರಿಯ ಹೆಂಗಸರು, ಏಳೆಪ್ಪತ್ತು ಸಲ ಕ್ಷಮಿಸಬೇಕೆಂದು ಕರ್ತನು ಹೇಳಿದ್ದಾನೆ ಎಂದು ಸಮಾಧಾನ ಮಾಡಿ ಕಳಿಸುತ್ತಿದ್ದರು. ಮೂರನೆಯ ಸಲ ಹೋದಾಗ ಅವಳ ಮಣಿಕಟ್ಟು ಮುರಿಯಿತು. ಈಗ ಅವಳು ಬೇರೆ ಮನೆ ಮಾಡಿಕೊಂಡು ಹೊಲಿಗೆ ಮಾಡುತ್ತಾಳೆ. ಚಳಿಗಾಲದಲ್ಲಿ ಕತ್ತರಿ ಹಿಡಿದರೆ ಆ ಕೈ ಇನ್ನೂ ನೋಯುತ್ತದೆ. ಅವನನ್ನು ಕ್ಷಮಿಸಿದ್ದೇನೆ ಎಂದು ಅವಳು ಈಗ ಹೇಳುತ್ತಾಳೆ, ನಾನು ನಂಬುತ್ತೇನೆ. ಅವನ ಕೆಡುಕನ್ನು ಬಯಸುವುದಿಲ್ಲ, ಅವನಿಗಾಗಿ ಪ್ರಾರ್ಥಿಸುತ್ತಾಳೆ. ಆದರೆ ಅವನ ಮನೆಗೆ ಹೋಗುವುದಿಲ್ಲ. ಕ್ಷಮಿಸುವುದು ಬೇರೆ, ಮತ್ತೆ ಕೂಡಿ ಬಾಳುವುದು ಬೇರೆ ಎಂಬುದನ್ನು ನಮ್ಮ ಸಭೆಗಳಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಕ್ಷಮೆಯನ್ನು ಒಬ್ಬಳೇ ಕೊಡಬಹುದು, ಮತ್ತೆ ಕೂಡಲು ಇಬ್ಬರು ಬೇಕು. ಲೂಕ 17ನೆಯ ಅಧ್ಯಾಯದಲ್ಲಿ, ನಿನ್ನ ಸಹೋದರನು ತಪ್ಪು ಮಾಡಿದರೆ ಅವನನ್ನು ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದಿದೆ. ಗದರಿಸು ಎಂಬ ಮೊದಲ ಮಾತನ್ನು ಹೆಂಗಸರಿಗೆ ಯಾರೂ ಬೋಧಿಸುವುದಿಲ್ಲ.

51ನೆಯ ಕೀರ್ತನೆಯೂ ನನ್ನನ್ನು ಬಹಳ ಕಾಡಿದೆ. ಅರಸನಾದ ದಾವೀದನು ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡು, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ. ಆಮೇಲೆ ದೇವರಿಗೆ, ನಿನಗೆ, ಕೇವಲ ನಿನಗೇ ತಪ್ಪು ಮಾಡಿದ್ದೇನೆ ಎಂದ. ಹಾಗಾದರೆ ಊರೀಯ? ಬತ್ಷೆಬೆ? ಎಲ್ಲ ಪಾಪವೂ ಕೊನೆಗೆ ದೇವರಿಗೆ ವಿರೋಧವಾದದ್ದು ಎಂಬ ವಿವರಣೆಯನ್ನು ಓದಿದ್ದೇನೆ, ಒಪ್ಪುತ್ತೇನೆ. ಆದರೂ ಸಮುವೇಲನ ಎರಡನೆಯ ಗ್ರಂಥದಲ್ಲಿ ಪ್ರವಾದಿ ನಾತಾನನು ದಾವೀದನ ಮುಂದೆ ಬಂದಾಗ ದೇವರ ನಿಯಮಗಳ ಪಟ್ಟಿ ಓದಲಿಲ್ಲ. ಒಬ್ಬ ಬಡವನನ್ನು, ಅವನ ಮಗಳಂತಿದ್ದ ಒಂದೇ ಒಂದು ಕುರಿಮರಿಯನ್ನು ದಾವೀದನ ಕಣ್ಣ ಮುಂದೆ ತಂದು ನಿಲ್ಲಿಸಿದ. ದೇವರ ಪ್ರವಾದಿ ಮೊದಲು ಮಾತಾಡಿದ್ದು ಮೋಸ ಹೋದವನ ಪರವಾಗಿ. ಕ್ಷಮೆಯ ಮಾತು ಬಂದದ್ದು ಆಮೇಲೆ. ಅಣ್ಣಾ, ನಿಮ್ಮ ಅವ್ವನ ಸಭೆಯಲ್ಲಿ ನಾತಾನನ ಕೆಲಸವನ್ನು ಯಾರೂ ಮಾಡಲಿಲ್ಲ. ಅದನ್ನು ಮಾಡಬೇಕಾದವರು ನೇರವಾಗಿ ಕ್ಷಮೆಗೆ ಹಾರಿಬಿಟ್ಟರು.

ಕೊಪ್ಪಳದ ವಕೀಲ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಎರಡು ಜನರ ನಡುವಿನ ಕೆಲವು ಅಪರಾಧಗಳನ್ನು ನೊಂದವರು ರಾಜಿ ಮಾಡಿಕೊಳ್ಳಬಹುದು. ಕೊಲೆಯಂಥ ಅಪರಾಧವನ್ನು ಸತ್ತವರ ಮನೆಯವರೇ ಕ್ಷಮಿಸಿದರೂ ಪ್ರಕರಣ ನಿಲ್ಲುವುದಿಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಪ್ರಕರಣ ತನ್ನ ಹಾದಿಯಲ್ಲಿ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಹಾಗೆಯೇ 1981ರಲ್ಲಿ ತಮಗೆ ಗುಂಡು ಹೊಡೆದವನನ್ನು ಎರಡನೆಯ ಜಾನ್ ಪಾಲ್ ಪೋಪ್ 1983ರಲ್ಲಿ ಸೆರೆಮನೆಗೇ ಹೋಗಿ ಕಂಡು ಬಂದರು. ಅವನಿಗೆ ಇಟಲಿ ಸರ್ಕಾರದ ಕ್ಷಮಾದಾನ ಸಿಕ್ಕಿದ್ದು 2000ದಲ್ಲಿ. ವೈಯಕ್ತಿಕ ಕ್ಷಮೆಯೂ ಸಾರ್ವಜನಿಕ ನ್ಯಾಯವೂ ಒಂದನ್ನೊಂದು ತಳ್ಳಿಹಾಕದೆ ಪಕ್ಕಪಕ್ಕದಲ್ಲಿ ಇರಬಲ್ಲವು ಎಂಬುದಕ್ಕೆ ಇವು ಸಾಕು.

ನಿಮ್ಮ ಜಮೀನಿನ ವಿಷಯದಲ್ಲಿ ನಿರಾಸೆಯ ಮಾತು ಹೇಳಬೇಕಾಗಿದೆ. ಮೋಸದಿಂದ ಮಾಡಿಸಿಕೊಂಡ ಪತ್ರವನ್ನು ರದ್ದುಪಡಿಸಲು 1963ರ ಕಾಲಮಿತಿ ಕಾಯಿದೆಯ ಪ್ರಕಾರ ಮೋಸ ಗೊತ್ತಾದಂದಿನಿಂದ 3 ವರ್ಷ ಮಾತ್ರ ಅವಕಾಶ. ಕಾಗದಪತ್ರ ನೋಡದೆ ಖಚಿತವಾಗಿ ಹೇಳಬಾರದು, ಆದರೂ ನ್ಯಾಯಾಲಯದ ಬಾಗಿಲು ಮುಚ್ಚಿರುವ ಸಂಭವವೇ ಹೆಚ್ಚು. ನಿಮ್ಮ ಚಿಕ್ಕಪ್ಪನವರಿಗೂ ಇದು ಗೊತ್ತಿರಬಹುದು. ಕಾನೂನಿನ ಒತ್ತಾಯ ಇಲ್ಲದಿರುವಾಗ ಒಬ್ಬ ಮನುಷ್ಯ ಏನು ಮಾಡುತ್ತಾನೆ ಎಂಬುದರಲ್ಲಿಯೇ ಅವನ ಪಶ್ಚಾತ್ತಾಪ ಕಾಣಬೇಕು. ಇಬ್ಬರೂ ಒಪ್ಪಿದರೆ ನೋಂದಾಯಿತ ದಾನಪತ್ರದ ಮೂಲಕ ಹಿಂದಿರುಗಿಸಲು ಯಾವ ಅಡ್ಡಿಯೂ ಇಲ್ಲ.

ಗಂಗಾವತಿಯ ನೆರೆಯವನು

ಎಲ್ಲರ ಮಾತನ್ನೂ ಓದಿದೆ. ಹಿಂದಿರುಗಿಸಬೇಕು ಎಂಬುದು ನಿಮ್ಮ ಧರ್ಮದಲ್ಲಿ ಇಷ್ಟು ಬಿಗಿಯಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಒಂದು ಸಂದೇಹ ಉಳಿಯಿತು. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿಸಿದ ಕಳ್ಳನಿಗೆ ಅಂದೇ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು ಎನ್ನುತ್ತೀರಿ. ಅವನು ಯಾರಿಗೆ ಏನನ್ನು ಹಿಂದಿರುಗಿಸಿದ?

ಬಳ್ಳಾರಿಯ ಸಭಾಪಾಲಕ

ಏನನ್ನೂ ಇಲ್ಲ, ಅಣ್ಣನವರೇ. ಅವನ ಎರಡೂ ಕೈಗಳಿಗೆ ಮೊಳೆ ಹೊಡೆದಿತ್ತು. ಕೊಡಲು ಕೈಗಳಿಲ್ಲದವನಿಗೂ ದೇವರ ಬಾಗಿಲು ತೆರೆದಿದೆ ಎಂಬುದೇ ನಮ್ಮ ಸುವಾರ್ತೆ, ಅದನ್ನು ನಾನು ಯಾವ ಕಾರಣಕ್ಕೂ ಕಿರಿದು ಮಾಡಲಾರೆ. ಆದರೆ ಲೂಕ 23ರಲ್ಲಿ ಅವನು ಆಡಿದ ಮಾತನ್ನು ಗಮನಿಸಿ. ನಮಗಾದದ್ದು ನ್ಯಾಯವೇ, ನಾವು ಮಾಡಿದ್ದಕ್ಕೆ ತಕ್ಕದ್ದನ್ನು ಹೊಂದುತ್ತಿದ್ದೇವೆ ಎಂದು ಎಲ್ಲರ ಎದುರಿಗೆ ಒಪ್ಪಿಕೊಂಡ. ಶಿಲುಬೆಯಿಂದ ಇಳಿಸು ಎಂದು ಕೇಳಲಿಲ್ಲ. ಅವನ ಬಳಿ ಉಳಿದಿದ್ದದ್ದು ಸತ್ಯವೊಂದೇ, ಅದನ್ನು ಕೊಟ್ಟ. ಇವರ ಚಿಕ್ಕಪ್ಪನವರ ಕೈಗಳು ಮುಕ್ತವಾಗಿವೆ, ಗದ್ದೆಯೂ ಇದೆ.

ನೀವು ಕೇಳಿದ ಇನ್ನೊಂದು ಪ್ರಶ್ನೆಗೆ, ಆ ತಾಯಿಯ ಕೂಲಿಯ ವರ್ಷಗಳನ್ನು ಯಾರು ಕಟ್ಟಿಕೊಡುತ್ತಾರೆ ಎಂಬುದಕ್ಕೆ, ಪೂರ್ತಿ ಉತ್ತರ ನನ್ನ ಬಳಿ ಇಲ್ಲ. ದೇವರ ಕಡೆಯ ನ್ಯಾಯತೀರ್ಪನ್ನು ನಾವು ಹೆದರಿಸಲಿಕ್ಕೆ ಬಳಸುತ್ತೇವೆ. ಆದರೆ ಕೀರ್ತನೆಗಳಲ್ಲಿ ಬಡವರು ಅದನ್ನು ಹಬ್ಬದಂತೆ ಎದುರು ನೋಡುತ್ತಾರೆ, ಕರ್ತನು ನ್ಯಾಯತೀರಿಸಲು ಬರುತ್ತಾನೆಂದು 96ನೆಯ ಕೀರ್ತನೆಯಲ್ಲಿ ಹೊಲಗಳೂ ಕಾಡಿನ ಮರಗಳೂ ಹರ್ಷಿಸುತ್ತವೆ. ಯಾರ ದೂರನ್ನೂ ಇಲ್ಲಿ ಯಾರೂ ಕೇಳಲಿಲ್ಲವೋ ಅವರ ದೂರು ಅಲ್ಲಿ ಕೇಳಲ್ಪಡುತ್ತದೆ ಎಂಬುದು ನನಗೆ ಭಯಕ್ಕಿಂತ ಭರವಸೆಯ ಮಾತು.

ಸಿರುಗುಪ್ಪ ರಸ್ತೆಯಿಂದ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನೀವೆಲ್ಲ ಬರೆದದ್ದನ್ನು ರಾತ್ರಿ ಊಟದ ನಂತರ ಅವ್ವನಿಗೆ ಓದಿ ಹೇಳಿದೆ. ಹತ್ತಿಗೆ ನೀರು ಹಾಕಿದ ಸಂಗತಿಯನ್ನು ಎರಡು ಸಲ ಓದಿಸಿಕೊಂಡಳು. ರಾಯಚೂರಿನ ಅಕ್ಕನವರು ಬರೆದದ್ದನ್ನು ಕೇಳಿ, ಆ ಹೆಣ್ಣುಮಗಳ ಕೈ ಈಗ ಹೆಂಗೈತಿ ಎಂದು ಮೊದಲು ವಿಚಾರಿಸಿದಳು.

ನಾನು ಈ ನಡುವೆ ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯಕ್ಕೆ ಮತ್ತೆ ಮತ್ತೆ ಹೋಗಿದ್ದೇನೆ. ನಾಬೋತನ ದ್ರಾಕ್ಷೇತೋಟವನ್ನು ಅರಸನಾದ ಅಹಾಬನು ವಶಮಾಡಿಕೊಂಡ ಕಥೆ ಅದು. ಅಲ್ಲಿಯೂ ಸುಳ್ಳು ಕಾಗದಗಳು, ಮುದ್ರೆ, ಸುಳ್ಳು ಸಾಕ್ಷಿಗಳು. ಪ್ರವಾದಿ ಎಲೀಯನು ಎದುರು ನಿಂತು ಕೇಳಿದ ಮೇಲೆ ಅಹಾಬನು ಬಟ್ಟೆ ಹರಿದುಕೊಂಡು ಗೋಣಿತಟ್ಟು ಸುತ್ತಿಕೊಂಡು ಉಪವಾಸ ಮಾಡಿದ. ದೇವರು ಅದನ್ನು ನೋಡಿ ಶಿಕ್ಷೆಯನ್ನು ಅವನ ಮಗನ ಕಾಲಕ್ಕೆ ಮುಂದೂಡಿದ. ಆದರೆ ಅಹಾಬನು ತೋಟವನ್ನು ನಾಬೋತನ ಮನೆಯವರಿಗೆ ಹಿಂದಿರುಗಿಸಿದನೆಂದು ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ದೇವರು ಪಾಪಿಯ ಗೋಣಿತಟ್ಟಿಗೂ ಬೆಲೆ ಕೊಡುತ್ತಾನೆ, ಆದರೆ ಅಪೂರ್ಣವಾದ ಪಶ್ಚಾತ್ತಾಪವನ್ನು ಪೂರ್ಣವೆಂದು ಬರೆದುಕೊಳ್ಳುವುದಿಲ್ಲ ಎಂದು ನನಗೆ ಅನಿಸಿತು. ಚಿಕ್ಕಪ್ಪನವರ ಕಣ್ಣೀರನ್ನು ಸುಳ್ಳೆನ್ನದೆಯೇ ಅವ್ವನ ಪರವಾಗಿ ಮಾತಾಡುವ ದಾರಿ ನನಗೆ ಸಿಕ್ಕಿದ್ದು ಅಲ್ಲಿ.

ನಮ್ಮ ಸಭೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ಚಿಕ್ಕಪ್ಪನವರ ಮನೆಗೆ ಹೋದೆ. ಮೊದಲು ಅವರಿಗೆ ಬಹಳ ಸಿಟ್ಟು ಬಂತು. ದೇವರು ಸಮುದ್ರದ ತಳಕ್ಕೆ ಎಸೆದದ್ದನ್ನು ನೀವು ಬಲೆ ಹಾಕಿ ಎತ್ತುತ್ತಿದ್ದೀರಿ ಎಂದರು. ಮೀಕನ ಗ್ರಂಥದ ಮಾತು ಅದು, ಸರಿಯಾದ ಮಾತೇ. ನಾನು ಹೆಚ್ಚೇನೂ ಹೇಳಲಿಲ್ಲ. ದೇವರು ಎಸೆದದ್ದು ನಿಮ್ಮ ಪಾಪವನ್ನು, ನಮ್ಮ ಗದ್ದೆ ಇನ್ನೂ ಕಾಲುವೆಯ ಪಕ್ಕದಲ್ಲೇ ಇದೆ ಚಿಕ್ಕಪ್ಪ ಎಂದಷ್ಟೇ ಹೇಳಿ ಎದ್ದು ಬಂದೆ.

ಒಂದು ವಾರ ಬಿಟ್ಟು, ದೀಪ ಹಚ್ಚುವ ಹೊತ್ತಿಗೆ, ಅವರು ಒಬ್ಬರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪಹಣಿ ಇತ್ತು. ಕಟ್ಟೆಯ ಮೇಲೆ ಕುಳಿತು, ಒಂದು ಎಕರೆ ಸೊಸೈಟಿಯಲ್ಲಿ ಅಡವಿದೆ, ಉಳಿದ ಒಂದೂವರೆ ಎಕರೆಯನ್ನು ಈಗಲೇ ಬರೆದುಕೊಡುತ್ತೇನೆ, ಅಡವಿನದ್ದನ್ನು ಬಿಡಿಸಿ ಆಮೇಲೆ ಕೊಡುತ್ತೇನೆ ಎಂದರು. ಅವ್ವ ಪಹಣಿಯ ಕಡೆ ನೋಡಲಿಲ್ಲ. ಬಹಳ ಹೊತ್ತಿನ ನಂತರ ಒಂದೇ ಮಾತು ಕೇಳಿದಳು: "ಆವತ್ತು ಹೆಬ್ಬೆಟ್ಟು ಒತ್ತಿಸಿದ ಮ್ಯಾಲೆ ಹೋಟ್ಲಾಗ ನನಗ ಇಡ್ಲಿ ಕೊಡಿಸಿದ್ಯಲ್ಲ. ಹಸ್ದಿದ್ದಿ, ಉಣ್ಣು ಅತ್ತಿಗೆಮ್ಮ ಅಂದಿದ್ದಿ. ಆಗ ನಿನಗ ಗೊತ್ತಿತ್ತೇನು?"

ಚಿಕ್ಕಪ್ಪ ತಲೆ ಬಗ್ಗಿಸಿದರು. "ಗೊತ್ತಿತ್ತು" ಎಂದರು. ಉಜ್ಜೀವನ ಕೂಟದಲ್ಲಿ ಧ್ವನಿವರ್ಧಕದಲ್ಲಿ ಹೇಳಿದ ಸಾಕ್ಷಿಯಲ್ಲಿ ನನಗೆ ಕೇಳದೆ ಹೋದದ್ದು ಈ ಒಂದು ಪದದಲ್ಲಿ ಕೇಳಿಸಿತು.

ಅವ್ವ ಕ್ಷಮಿಸಿದ್ದೇನೆ ಎನ್ನಲಿಲ್ಲ. ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದು ಅವರ ಮುಂದೆ ಇಟ್ಟಳು. ಅವರು ಕುಡಿದು ಹೋದರು. ಕಳೆದ ಭಾನುವಾರ ಪ್ರಾರ್ಥನೆಯಲ್ಲಿ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. "ನಮಗೆ ತಪ್ಪು ಮಾಡಿದವರನ್ನು" ಎಂಬುದನ್ನು ಎಲ್ಲರ ಜೊತೆ ಗಟ್ಟಿಯಾಗಿ ಹೇಳಿದಳು, ಅಲ್ಲಿಗೆ ನಿಲ್ಲಿಸಿದಳು. ನಾನೂ ಅವಳ ಜೊತೆ ನಿಂತೆ. ಈ ಸಲ ಯಾವ ಹಿರಿಯರೂ ಬಂದು ಅವಸರ ಮಾಡಲಿಲ್ಲ.

ವಕೀಲರು ಹೇಳಿದಂತೆ ದಾನಪತ್ರಕ್ಕೆ ಕಾಗದಗಳನ್ನು ತಯಾರು ಮಾಡಿಸುತ್ತಿದ್ದೇವೆ, ಬರುವ ತಿಂಗಳು ನೋಂದಣಿ ಕಚೇರಿಗೆ ಹೋಗಬೇಕು. ಅಲ್ಲಿ ಮತ್ತೆ ಹೆಬ್ಬೆಟ್ಟಷ್ಟನ್ನೇ ಒತ್ತಿ ಬರಲು ಅವ್ವನಿಗೆ ಮನಸ್ಸಿಲ್ಲ. ಸಂಜೆ ನನ್ನ ಮಗಳ ಪಕ್ಕದಲ್ಲಿ ಸ್ಲೇಟು ಹಿಡಿದು ಕುಳಿತು ತನ್ನ ಹೆಸರು ಬರೆಯುವುದನ್ನು ಕಲಿಯುತ್ತಿದ್ದಾಳೆ. ಮೂರು ಅಕ್ಷರಗಳಲ್ಲಿ ಎರಡು ಬಂದಿವೆ.